ಇಪ್ಪತ್ತೆರಡು ವರ್ಷ ತುಂಬದ ಗುಂಡಿ

ನಮ್ಮಪ್ಪನಿಗೆ ಮೂರು ವಿಷಯದಲ್ಲಿ ಹೆಮ್ಮೆ. ಒಂದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೈನ್‌ಮನ್ ಆಗಿ ಕಂಬ ಹತ್ತಿದರೂ ಒಂದು ದಿನವೂ ಶಾಕ್ ಹೊಡೆಸಿಕೊಂಡವರಲ್ಲ. ಎರಡು, ನಮ್ಮ ಮನೆಯ ಬೋರ್‌ವೆಲ್. ಮೂರು, ನಮ್ಮ ಮನೆಯ ಟಾಯ್ಲೆಟ್ ಗುಂಡಿ.

ಮೂರನೆಯದನ್ನು ಕೇಳಿ ನಗಬೇಡಿ. ನಮ್ಮದು ಕೋಲಾರ ಜಿಲ್ಲೆಯ ಒಂದು ಸಣ್ಣ ಊರು. ಒಳಚರಂಡಿ ಇನ್ನೂ ನಮ್ಮ ಬೀದಿಗೆ ಬಂದಿಲ್ಲ. ಎಲ್ಲರ ಮನೆಯಲ್ಲೂ ಗುಂಡಿಯೇ. ಕೆಲವರ ಮನೆ ಮುಂದೆ ವರ್ಷಕ್ಕೊಮ್ಮೆ ಟ್ಯಾಂಕರ್ ಲಾರಿ ಬಂದು ಪೈಪ್ ಇಳಿಸಿ ಹೀರಿಕೊಂಡು ಹೋಗುತ್ತದೆ. ಆಗೆಲ್ಲ ಇಡೀ ಬೀದಿ ಮೂಗು ಮುಚ್ಚಿಕೊಳ್ಳುತ್ತದೆ. ಅಪ್ಪ ಮಾತ್ರ ಜಗಲಿ ಮೇಲೆ ಕೂತು, "2003ರಲ್ಲಿ ತೋಡಿಸಿದ್ದು ನಮ್ಮದು, ಇವತ್ತಿನವರೆಗೂ ತುಂಬಿಲ್ಲ ನೋಡು. ಗುಂಡಿ ಅಂದ್ರೆ ಹಂಗಿರಬೇಕು" ಅನ್ನುತ್ತಿದ್ದರು.

ನಾನು ಎಂಜಿನಿಯರಿಂಗ್ ಓದಿದವನು. ಹದಿನೈದು ಅಡಿ ಆಳದ ಗುಂಡಿಗೆ ದಿನಾ ನೀರು ಹೋಗುತ್ತಿದೆ, ಆದರೂ ಅದು ತುಂಬುತ್ತಿಲ್ಲ ಅಂದರೆ ಆ ನೀರು ಎಲ್ಲಿಗೋ ಹೋಗುತ್ತಿದೆ ಅಂತಲೇ ಅರ್ಥ. ಇಷ್ಟು ಸರಳ ಪ್ರಶ್ನೆ ಇಪ್ಪತ್ತೆರಡು ವರ್ಷ ನನ್ನ ತಲೆಗೆ ಬರಲಿಲ್ಲ. ಬಂದಾಗ ನಮ್ಮ ಮನೆಯಲ್ಲಿ ಒಂದು ತಿಂಗಳು ತುಂಬದ ಮಗು ಇತ್ತು.

ಎಲ್ಲ ಸರಿ ಇದೆ ಅಂತ ನಾನೇ ಹೇಳಿದ್ದೆ

ತಂಗಿ ಎಂಟು ತಿಂಗಳಿಗೆ ಬಾಣಂತನಕ್ಕೆ ಅಂತ ಮನೆಗೆ ಬಂದಳು. ಬೆಂಗಳೂರಿನಲ್ಲಿ ಕೂತು ನಾನು ಮಾಡಬಹುದಾದದ್ದು ಕಡಿಮೆ. ಆದರೂ ಏನಾದರೂ ಮಾಡಬೇಕಲ್ಲ! ಕೋಲಾರ ಅಂದರೆ ಫ್ಲೋರೈಡ್ ನೀರಿನ ಜಿಲ್ಲೆ ಅಂತ ಚಿಕ್ಕಂದಿನಿಂದ ಕೇಳಿದವನು ನಾನು. ಒಂದು ವಾರಾಂತ್ಯ ಊರಿಗೆ ಹೋದಾಗ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಬಂದು ಒಂದು ಲ್ಯಾಬ್‌ಗೆ ಕೊಟ್ಟೆ.

ನಾಲ್ಕು ದಿನಕ್ಕೆ ಮೊಬೈಲ್‌ಗೆ ಪಿಡಿಎಫ್ ಬಂತು. ಫ್ಲೋರೈಡ್ ಮಿತಿಯೊಳಗೆ. ಇ-ಕೋಲಿ ಬ್ಯಾಕ್ಟೀರಿಯಾ ಇಲ್ಲ. ನೈಟ್ರೇಟ್ 29.8. ಮಿತಿ ಎಷ್ಟು ಅಂತ ಫೋನಿನಲ್ಲಿ ಹುಡುಕಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 29.8 ಅಂದರೆ ಆರಾಮ. ಫ್ಯಾಮಿಲಿ ಗ್ರೂಪಿಗೆ ಪಿಡಿಎಫ್ ಹಾಕಿ, ಜೊತೆಗೆ ಒಂದು ಹಸಿರು ಟಿಕ್ ಹಾಕಿದೆ. ಅಪ್ಪ ವಾಯ್ಸ್ ಮೆಸೇಜ್ ಕಳಿಸಿದರು: "ನಾನು ಹೇಳಿರಲಿಲ್ವೇನೋ? ನಮ್ ಬೋರು ನೀರು ಕಲ್ಲುಸಕ್ಕರೆ ಇದ್ದಂಗೈತೆ."

ಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ. ಎದೆಹಾಲಿನ ಜೊತೆಗೆ ಕೆಲವು ವಾರ ಪೌಡರ್ ಹಾಲನ್ನೂ ಕೊಡಿ ಅಂದರು ಡಾಕ್ಟರು. ಅಮ್ಮ ದಿನಾ ಬೆಳಗ್ಗೆ ಬೋರ್‌ವೆಲ್ ನೀರನ್ನು ಯುವಿ ಫಿಲ್ಟರಿನಲ್ಲಿ ಹಿಡಿದು, ಸ್ಟೀಲ್ ಪಾತ್ರೆಯಲ್ಲಿ ಚೆನ್ನಾಗಿ ಮರಳುವವರೆಗೆ ಕಾಯಿಸಿ, ಆರಿಸಿ, ಅದರಲ್ಲೇ ಪೌಡರ್ ಕಲಸುತ್ತಿದ್ದರು. ಇದಕ್ಕಿಂತ ಎಚ್ಚರಿಕೆ ಯಾರು ವಹಿಸುತ್ತಾರೆ ಹೇಳಿ!

ಮೂರು ವಾರ ಹೀಗೇ ನಡೆಯಿತು.

ಒಂದು ದಿನ ಆಫೀಸಿನಲ್ಲಿ ಒಂದು ಬಗ್ ಹುಡುಕುತ್ತಾ ಕೂತಿದ್ದೆ. ಒಂದು ಸರ್ವಿಸ್ ಗ್ರಾಂನಲ್ಲಿ ತೂಕ ಕಳಿಸುತ್ತಿತ್ತು, ಇನ್ನೊಂದು ಅದನ್ನು ಕಿಲೋ ಅಂದುಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯ 1999ರಲ್ಲಿ ನಾಸಾದವರು ಮಂಗಳನ ಬಳಿ ಒಂದು ನೌಕೆಯನ್ನೇ ಇಂಥ ಅಳತೆಯ ಗೊಂದಲದಿಂದ ಕಳೆದುಕೊಂಡ ಕತೆ ಹೇಳಿ ನಗುತ್ತಿದ್ದ. ನಾನೂ ನಕ್ಕೆ. ಆಮೇಲೆ ಯಾಕೋ ನೀರಿನ ರಿಪೋರ್ಟ್ ನೆನಪಾಯಿತು. ನೈಟ್ರೇಟ್ ಅನ್ನುವ ಪದದ ಮುಂದೆ ಬ್ರ್ಯಾಕೆಟ್ಟಿನಲ್ಲಿ ಏನೋ ಇತ್ತಲ್ಲ?

ಪಿಡಿಎಫ್ ತೆರೆದು ಜೂಮ್ ಮಾಡಿದೆ. "ನೈಟ್ರೇಟ್, ಎನ್ ಲೆಕ್ಕದಲ್ಲಿ" ಅಂತ ಇತ್ತು.

ನೈಟ್ರೇಟ್ ಅಂದರೆ ಒಂದು ನೈಟ್ರೋಜನ್, ಮೂರು ಆಕ್ಸಿಜನ್. ಕೆಲವು ಲ್ಯಾಬ್‌ಗಳು ಇಡೀ ನೈಟ್ರೇಟಿನ ತೂಕ ಹೇಳುತ್ತವೆ. ಕೆಲವು ಅದರೊಳಗಿನ ನೈಟ್ರೋಜನ್ ತೂಕ ಮಾತ್ರ ಹೇಳುತ್ತವೆ. ಎರಡೂ ಸರಿಯೇ. ಆದರೆ ಎರಡನೆಯದನ್ನು ಮೊದಲನೆಯದಕ್ಕೆ ಹೋಲಿಸಬೇಕಾದರೆ 4.43ರಿಂದ ಗುಣಿಸಬೇಕು. ನಮ್ಮ ದೇಶದ 45ರ ಮಿತಿ ಇಡೀ ನೈಟ್ರೇಟಿಗೆ. ಅಮೆರಿಕದ ಮಿತಿ 10, ಅದು ನೈಟ್ರೋಜನ್ ಲೆಕ್ಕ. ಬೇರೆ ಬೇರೆ ಅಂಕಿ, ಮಿತಿ ಹೆಚ್ಚು ಕಡಿಮೆ ಒಂದೇ.

29.8ನ್ನು 4.43ರಿಂದ ಗುಣಿಸಿದರೆ 132. ಮಿತಿಯ ಹತ್ತಿರ ಹತ್ತಿರ ಮೂರು ಪಟ್ಟು.

ಹಸಿರು ಟಿಕ್ ಹಾಕಿದವನು ನಾನು. ಲ್ಯಾಬಿನವರು ಏನೂ ತಪ್ಪು ಬರೆದಿರಲಿಲ್ಲ.

ಆ ರಾತ್ರಿ

ಮೀಟಿಂಗ್ ರೂಮಿಗೆ ಹೋಗಿ ತಂಗಿಗೆ ಫೋನ್ ಮಾಡಿದೆ. "ಪಾಪೂಗೆ ಬೋರ್‌ವೆಲ್ ನೀರಲ್ಲಿ ಪೌಡರ್ ಕಲಸೋದು ನಿಲ್ಸು. ಈಗಲೇ. ಮೆಡಿಕಲ್ ಸ್ಟೋರಿಂದ ಬಾಟಲಿ ನೀರು ತರ್ಸು. ಡಾಕ್ಟರಿಗೆ ಫೋನ್ ಮಾಡು."

"ಏನಾಯ್ತಣ್ಣ? ನೀನೇ ತಾನೆ ಚೆನ್ನಾಗಿದೆ ಅಂದಿದ್ದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಪಾಪು ತುಟಿ, ಉಗುರು ನೋಡು. ನೀಲಿಗಿದೆಯಾ?" ಅಂದೆ. ಅವಳು ಫೋನ್ ಇಟ್ಟೇಬಿಟ್ಟಳು.

ಯಾಕೆ ನೀಲಿ ಅಂತ ಕೇಳಿದೆ ಅನ್ನುವುದನ್ನು ಹೇಳುತ್ತೇನೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಒಂದು ಲೇಖನ ಬರೆದರು. ಹಳ್ಳಿಯ ಬಾವಿ ನೀರಿನಲ್ಲಿ ಹಾಲು ಕಲಸಿ ಕುಡಿಸುತ್ತಿದ್ದ ಎಳೆ ಮಕ್ಕಳು ನೀಲಿಗಟ್ಟುತ್ತಿದ್ದವು. ಕಾರಣ, ಆ ಬಾವಿಗಳ ನೈಟ್ರೇಟ್. ಎಳೆ ಮಗುವಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಉಸಿರಾಟ ಇರುತ್ತದೆ, ಆದರೆ ಆಮ್ಲಜನಕ ಮೈಗೆ ತಲುಪುವುದಿಲ್ಲ. ಬ್ಲೂ ಬೇಬಿ ಸಿಂಡ್ರೋಮ್ ಅನ್ನುವುದು ಇದಕ್ಕೇ. ಆರು ತಿಂಗಳೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. ನಮ್ಮ ನಿಮ್ಮಂಥ ದೊಡ್ಡವರ ದೇಹ ಇದನ್ನು ಬಹುಮಟ್ಟಿಗೆ ಸಂಭಾಳಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ ಓದಿದಾಗ ಕೈಕಾಲು ತಣ್ಣಗಾಯಿತು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಯುವಿ ಫಿಲ್ಟರ್ ಬೆಳಕಿನಿಂದ ಕ್ರಿಮಿ ಕೊಲ್ಲುತ್ತದೆ ಅಷ್ಟೆ, ನೈಟ್ರೇಟಿಗೆ ಅದು ಲೆಕ್ಕವೇ ಅಲ್ಲ. ಅಂದರೆ ಅಮ್ಮ ಎಷ್ಟು ಹೊತ್ತು ಮರಳಿಸಿದರೋ ಅಷ್ಟು ಹಾನಿ. ಇದನ್ನು ಅಮ್ಮನಿಗೆ ನಾನು ಇವತ್ತಿನವರೆಗೂ ಬಿಡಿಸಿ ಹೇಳಿಲ್ಲ.

ಇಪ್ಪತ್ತು ನಿಮಿಷ ಬಿಟ್ಟು ತಂಗಿ ಫೋನ್ ಮಾಡಿದಳು. ಪಾಪು ಕೆಂಪಗೇ ಇತ್ತು. ಮಾರನೇ ಬೆಳಗ್ಗೆ ಡಾಕ್ಟರು ಪರೀಕ್ಷೆ ಮಾಡಿ, ತೊಂದರೆಯ ಲಕ್ಷಣ ಏನೂ ಇಲ್ಲ, ನೀರು ಬದಲಾಯಿಸಿ, ಎದೆಹಾಲು ಜಾಸ್ತಿ ಕೊಡಿ ಅಂದರು. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿನಲ್ಲಿ ಅಪಾಯದ ಮಟ್ಟಕ್ಕೆ ಸೇರುವುದಿಲ್ಲವಂತೆ. ಪೌಡರಿನ ಪಾಲು ಕಡಿಮೆ ಇದ್ದದ್ದೇ ನಮ್ಮನ್ನು ಕಾಪಾಡಿರಬೇಕು.

ಅಪ್ಪನ ವಾದ

ಆ ಶನಿವಾರ ಊರಿಗೆ ಹೋದೆ. ಅಪ್ಪ ಮಾತಾಡಿಸಲಿಲ್ಲ. ಊಟಕ್ಕೆ ಕೂತಾಗ ಅವರೇ ಶುರು ಮಾಡಿದರು.

"ನೈಟ್ರೇಟು ಅಂದ್ರೆ ಯೂರಿಯಾದಿಂದ ಬರೋದು ತಾನೆ? ಹೊಲದವರು ಚೀಲ ಚೀಲ ಸುರೀತಾರೆ. ಅದುಕ್ಕೆ ನಮ್ಮ ಗುಂಡಿ ಏನ್ ಮಾಡ್ತದೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಗೊಬ್ಬರದಿಂದಲೂ ನೈಟ್ರೇಟ್ ಬರುತ್ತದೆ, ತಿಪ್ಪೆಯಿಂದಲೂ ಬರುತ್ತದೆ. ವಾದ ಮಾಡುವ ಬದಲು ಬಾಟಲಿ ತಂದೆ. ಈ ಸಲ ನಾಲ್ಕು ಕಡೆಯ ನೀರು: ನಮ್ಮ ಮನೆಯದು, ಬೀದಿಯ ಮಧ್ಯದ ಒಂದು ಮನೆಯದು, ಬೀದಿಯ ಕೊನೆಯಲ್ಲಿ ಖಾಲಿ ಸೈಟುಗಳ ಪಕ್ಕದ್ದು, ಮತ್ತೆ ಊರಾಚೆ ಎರಡು ಕಿಲೋಮೀಟರ್ ದೂರದ ಟೊಮೆಟೊ ತೋಟದ ಬೋರ್‌ವೆಲ್‌ನದು. ಲ್ಯಾಬಿನವರಿಗೆ ಇಡೀ ನೈಟ್ರೇಟ್ ಲೆಕ್ಕದಲ್ಲೇ ಕೊಡಿ ಅಂತ ಮೊದಲೇ ಹೇಳಿದೆ.

ನಮ್ಮದು 129. ಬೀದಿಯ ಮಧ್ಯದ್ದು 118. ಬೀದಿಯ ಕೊನೆಯದು 71. ಯೂರಿಯಾ ಸುರಿಯುವ ತೋಟದ್ದು 26.

ನಾಲ್ಕು ಬಾಟಲಿ ಯಾವ ಸಂಶೋಧನೆಯೂ ಅಲ್ಲ, ನನಗೆ ಗೊತ್ತು. ಆದರೆ ಮನೆ ಒತ್ತಾಗಿದ್ದ ಕಡೆ ಜಾಸ್ತಿ, ಮನೆ ಇಲ್ಲದ ಕಡೆ ಕಡಿಮೆ. ಜೊತೆಗೆ ಕ್ಲೋರೈಡ್ ಕೂಡ ಅದೇ ಕ್ರಮದಲ್ಲಿ ಏರಿತ್ತು. ಕ್ಲೋರೈಡ್ ಅಂದರೆ ಉಪ್ಪು. ನಾವು ತಿನ್ನುವ ಉಪ್ಪು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಎರಡೂ ಒಟ್ಟಿಗೆ ಏರಿದರೆ ಮೊದಲು ಗುಂಡಿಯ ಕಡೆ ನೋಡಬೇಕು.

ಗುಂಡಿಯಲ್ಲಿ ನಡೆಯುವುದೇನು?

ನಮ್ಮ ಗುಂಡಿಯನ್ನು ಬಾಯಲ್ಲಿ ಸೆಪ್ಟಿಕ್ ಟ್ಯಾಂಕ್ ಅಂದರೂ ಅದು ಟ್ಯಾಂಕ್ ಅಲ್ಲ. ಸಿಮೆಂಟ್ ರಿಂಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ತಳ ಹಾಗೇ ಬಿಟ್ಟದ್ದು. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳ ಇರುತ್ತದೆ, ಒಳಗೆ ಅಡ್ಡಗೋಡೆ ಇರುತ್ತದೆ. ಗಸಿ ಕೆಳಗೆ ಕೂರುತ್ತದೆ, ತಿಳಿ ಮಾತ್ರ ಹೊರಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ. ಆದರೆ ನೈಟ್ರೇಟ್ ವಿಷಯಕ್ಕೆ ಬಂದರೆ ಸರಿಯಾಗಿ ಕಟ್ಟಿದ ಟ್ಯಾಂಕಿನಿಂದಲೂ ಹೆಚ್ಚಿನ ನೈಟ್ರೋಜನ್ ತಿಳಿಯ ಜೊತೆ ಹೊರಗೇ ಹೋಗುತ್ತದೆ.

ಗುಂಡಿಯೊಳಗೆ ಗಾಳಿ ಇಲ್ಲ. ಅಲ್ಲಿ ನೈಟ್ರೋಜನ್ ಅಮೋನಿಯಂ ರೂಪದಲ್ಲಿರುತ್ತದೆ. ಅದು ಗಾಳಿಯಾಡುವ ಮಣ್ಣಿಗೆ ಬಂದ ಕೂಡಲೇ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಂಗೆ ಧನ ವಿದ್ಯುದಂಶ, ಜೇಡಿಮಣ್ಣಿನ ಕಣಗಳಿಗೆ ಋಣ. ಹಾಗಾಗಿ ಅಮೋನಿಯಂ ಮಣ್ಣಿಗೆ ಅಂಟಿಕೊಳ್ಳುತ್ತದೆ. ನೈಟ್ರೇಟಿಗೂ ಋಣ ವಿದ್ಯುದಂಶವೇ. ಮಣ್ಣು ಅದನ್ನು ಹಿಡಿಯುವುದಿಲ್ಲ. ನೀರು ಹೋದ ಕಡೆ ಅದೂ ಹೋಗುತ್ತದೆ.

ನಮ್ಮ ರಿಪೋರ್ಟಿನಲ್ಲಿ ಇ-ಕೋಲಿ ಇಲ್ಲದ್ದು ಇದಕ್ಕೇ. ಬ್ಯಾಕ್ಟೀರಿಯಾಗಳನ್ನು ಮಣ್ಣು ಸೋಸಿ ತಡೆದಿದೆ, ನೈಟ್ರೇಟನ್ನು ಬಿಟ್ಟಿದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಲ್ಲುಸಕ್ಕರೆಯಂಥ ನೀರು.

ಪ್ರಕೃತಿಯಲ್ಲಿ ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ಗಾಳಿ ಇಲ್ಲದ, ಸಾವಯವ ಅಂಶ ಇರುವ ತೇವದ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲವಾಗಿ ಗಾಳಿಗೆ ಬಿಡುತ್ತವೆ. ಮೇಲಿನ ಮಣ್ಣಿನಲ್ಲಾದರೆ ಗಿಡದ ಬೇರು ಹೀರಿಕೊಳ್ಳುತ್ತದೆ. ಆದರೆ ನಮ್ಮ ಗುಂಡಿ ನೇರ ಹದಿನೈದು ಅಡಿ ಕೆಳಗೆ ಬಿಡುತ್ತದೆ. ಅಲ್ಲಿ ಬೇರೂ ಇಲ್ಲ, ಸಾವಯವ ಅಂಶವೂ ಕಡಿಮೆ. ಅದರ ಕೆಳಗೆ ಕೋಲಾರದ ಗ್ರಾನೈಟ್ ಬಂಡೆ. ಬಂಡೆಯ ಬಿರುಕಿಗೆ ಇಳಿದ ನೀರನ್ನು ಇನ್ನು ಸೋಸುವವರಿಲ್ಲ.

2021, 2022ರಲ್ಲಿ ಒಳ್ಳೆ ಮಳೆಯಾಗಿ ನಮ್ಮ ಕಡೆ ಕೆರೆಗಳು ತುಂಬಿದವು. ಬೋರ್‌ವೆಲ್ ನೀರು ಮೇಲೆ ಬಂತು ಅಂತ ಊರೆಲ್ಲ ಖುಷಿಪಟ್ಟೆವು. ನೀರು ಮೇಲೆ ಬಂದಾಗ ಗುಂಡಿಯ ತಳಕ್ಕೂ ಅದಕ್ಕೂ ನಡುವಿನ ಮಣ್ಣಿನ ದೂರವೂ ಕಡಿಮೆಯಾಗುತ್ತದೆ ಅನ್ನುವುದು ಯಾರಿಗೆ ಹೊಳೆಯಬೇಕು?

ಮುಕ್ಕಾಲು ಚೀಲ ಯೂರಿಯಾ

ಅಪ್ಪನಿಗೆ ರಸಾಯನಶಾಸ್ತ್ರ ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ನೀವೂ ನಿಮ್ಮ ಮನೆಗೆ ಮಾಡಿ ನೋಡಬಹುದು.

ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಸುಮಾರು 7ರಿಂದ 10 ಗ್ರಾಂ ನೈಟ್ರೋಜನ್ ಹೊರಗೆ ಹೋಗುತ್ತದೆ, ಹೆಚ್ಚಿನ ಪಾಲು ಮೂತ್ರದಲ್ಲಿ. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಮೇಲಿನ ಬಾಡಿಗೆಯ ಗಂಡ ಹೆಂಡತಿ, ಒಟ್ಟು ಐದು ಜನ. ತಲೆಗೆ 8 ಗ್ರಾಂ ಹಿಡಿದರೂ ದಿನಕ್ಕೆ 40 ಗ್ರಾಂ, ವರ್ಷಕ್ಕೆ 14.6 ಕಿಲೋ. ಯೂರಿಯಾದ 45 ಕಿಲೋ ಚೀಲದಲ್ಲಿ ನೈಟ್ರೋಜನ್ ಇರುವುದು ಶೇ 46, ಅಂದರೆ 20.7 ಕಿಲೋ. ಹಾಗಾಗಿ ನಾವು ವರ್ಷಕ್ಕೆ ಮುಕ್ಕಾಲು ಚೀಲ ಯೂರಿಯಾದಷ್ಟನ್ನು ಗುಂಡಿಗೆ ಹಾಕುತ್ತಿದ್ದೇವೆ.

ಮಳೆ ನಂಬಿದ ರಾಗಿಗೆ ಒಂದು ಎಕರೆಗೆ ಹೆಚ್ಚು ಕಡಿಮೆ ಒಂದು ಚೀಲದಷ್ಟು ಸಾಕು. ನಮ್ಮ ಸೈಟು ಮೂವತ್ತು ನಲವತ್ತರದು. ಒಂದು ಎಕರೆಯಲ್ಲಿ ಅಂಥವು ಮೂವತ್ತಾರು ಹಿಡಿಸುತ್ತವೆ. ಅಂದರೆ ಎಕರೆಯ ಮೂವತ್ತಾರನೇ ಒಂದು ಪಾಲು ಜಾಗಕ್ಕೆ ಮುಕ್ಕಾಲು ಚೀಲ. ಅದನ್ನು ಹೀರಲು ಒಂದು ರಾಗಿ ಪೈರೂ ಇಲ್ಲ.

ಇನ್ನು ಇದನ್ನು ಕಲಸಲು ನೀರೆಷ್ಟು? ಐದು ಜನ ತಲೆಗೆ ನೂರು ಲೀಟರ್ ಬಳಸಿದರೆ ವರ್ಷಕ್ಕೆ 1,82,500 ಲೀಟರ್. ಸುತ್ತ ಸಿಮೆಂಟ್ ಹಾಕಿಸಿರುವ ಮನೆಯಲ್ಲಿ ಮಳೆ ನೀರು ಇಂಗುವುದು ಕೆಲವೇ ಸಾವಿರ ಲೀಟರ್. ಎಲ್ಲ ಸೇರಿ 1,90,000 ಲೀಟರ್ ಅಂದುಕೊಳ್ಳಿ. 14.6 ಕಿಲೋ ನೈಟ್ರೋಜನ್ ಪೂರ್ತಿ ನೈಟ್ರೇಟ್ ಆದರೆ ಸುಮಾರು 65 ಕಿಲೋ. ಭಾಗಿಸಿದರೆ ಲೀಟರಿಗೆ 340 ಮಿಲಿಗ್ರಾಂ. ಅರ್ಧ ಗುಂಡಿಯಲ್ಲೇ ಉಳಿಯಿತು, ಅನಿಲವಾಗಿ ಹೋಯಿತು ಅಂದುಕೊಂಡರೂ 170. ನಮ್ಮ ಬೋರ್‌ವೆಲ್‌ನಲ್ಲಿ ಬಂದದ್ದು 132.

ಇದು ಒರಟು ಲೆಕ್ಕ. ಆದರೆ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗುಂಡಿ ಇಂಗಿಸುವ ಪದ್ಧತಿ ನೈಟ್ರೇಟನ್ನು ಕಳೆಯುವುದಕ್ಕಿಂತ ಹೆಚ್ಚಾಗಿ ತೆಳು ಮಾಡುತ್ತದೆ. ಹತ್ತು ಎಕರೆ ತೋಟದ ನಡುವೆ ಒಂದು ಮನೆ ಇದ್ದರೆ ಸುತ್ತಲಿನ ಮಳೆ ನೀರು ಅದನ್ನು ತೆಳು ಮಾಡುತ್ತದೆ. ಎಕರೆಗೆ ಮೂವತ್ತಾರು ಸೈಟು ಹಾಕಿದರೆ ನಮ್ಮದನ್ನು ತೆಳು ಮಾಡಲು ಬರುವುದು ಪಕ್ಕದ ಮನೆಯ ಗುಂಡಿ ನೀರು! ಅದನ್ನೇ ಬೋರ್‌ವೆಲ್‌ನಿಂದ ಎತ್ತುತ್ತೇವೆ, ಬಳಸುತ್ತೇವೆ, ಮತ್ತೆ ಇಂಗಿಸುತ್ತೇವೆ, ಮತ್ತೆ ಎತ್ತುತ್ತೇವೆ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಇನ್‌ಫೈನೈಟ್ ಲೂಪ್.

ದೂರದ ಕತೆ ಕೇಳಿ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರ ಇರಬೇಕು ಅನ್ನುತ್ತದೆ ಭಾರತೀಯ ಮಾನಕ. ಅಂದರೆ 59 ಅಡಿ. ಮೂವತ್ತು ನಲವತ್ತರ ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದರೆ ಸರಿಯಾಗಿ 50 ಅಡಿ. ಶಾಲೆಯಲ್ಲಿ ಓದಿದ ಪೈಥಾಗೊರಸ್. ಒಂದೇ ಸೈಟಿನಲ್ಲಿ ಎರಡನ್ನೂ ಎಲ್ಲಿ ಇಟ್ಟರೂ ನಿಯಮ ಪಾಲಿಸಲು ಆಗುವುದೇ ಇಲ್ಲ. ನಮ್ಮಲ್ಲಿ ಎರಡರ ನಡುವೆ ಇರುವುದು 22 ಅಡಿ. ಪಕ್ಕದ ಮನೆಯ ಗುಂಡಿ ನಮ್ಮ ಬೋರ್‌ವೆಲ್‌ಗೆ ಇನ್ನೂ ಹತ್ತಿರ.

ಇದು ನಮ್ಮೊಬ್ಬರ ಬೀದಿಯ ಕತೆಯಲ್ಲ. ನಮ್ಮದೇ ಜಿಲ್ಲೆಯ ಮುಳಬಾಗಿಲು ಪಟ್ಟಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷಗಳ ಹಿಂದೆಯೇ ಗುಂಡಿ ಶೌಚಾಲಯ ಮತ್ತು ಅಂತರ್ಜಲದ ನೈಟ್ರೇಟ್ ಬಗ್ಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಅದನ್ನು ನಾನು ಓದಿದ್ದು ಮಗು ಹುಟ್ಟಿದ ಮೇಲೆ.

ಅರ್ಥಿಂಗ್

ಕ್ಯಾಲೆಂಡರಿನ ಲೆಕ್ಕ ನೋಡಿ ಅಪ್ಪ ಎದ್ದು ಹೋದರು. ಎರಡು ದಿನ ಮಾತಿಲ್ಲ.

ಕೋಪಕ್ಕೆ ಗುಂಡಿಯೊಂದೇ ಕಾರಣವಲ್ಲ ಅಂತ ಅಮ್ಮ ಹೇಳಿದಾಗ ಗೊತ್ತಾಯಿತು. ನಮ್ಮ ಮನೆ ಕಾಂಪೌಂಡಿಗೆ ಹೊರಗಡೆಗೆ ಒಂದು ನಲ್ಲಿ ಇದೆ. ಬರದ ವರ್ಷಗಳಲ್ಲಿ, ಬೀದಿಯ ಬೇರೆ ಬೋರ್‌ವೆಲ್‌ಗಳು ಬತ್ತಿದಾಗ, ಅಪ್ಪ ಅದನ್ನು ಹಾಕಿಸಿದ್ದು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೋಟರ್ ಹಾಕುತ್ತಾರೆ. ಯಾರು ಬೇಕಾದರೂ ಹಿಡಿದುಕೊಳ್ಳಬಹುದು. ಒಂದು ರೂಪಾಯಿ ತೆಗೆದುಕೊಂಡವರಲ್ಲ. ಎದುರುಮನೆ ಅಜ್ಜಿ ಇವತ್ತಿಗೂ, "ನಿಮ್ಮಪ್ಪ ನೀರು ಕೊಟ್ಟ ಪುಣ್ಯಾತ್ಮ" ಅನ್ನುತ್ತಾರೆ. ಆ ನೀರಿನಲ್ಲಿ ನಮ್ಮ ಗುಂಡಿ ಇದೆ ಅಂತ ನಾನು ಹೇಳುತ್ತಿದ್ದೇನೆ! ಹೊರಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ? ಬೀದಿಯಲ್ಲಿ ಇನ್ನೂ ಇಬ್ಬರು ಬಸುರಿ ಹೆಂಗಸರು ಇದ್ದರು.

ಸೋಮವಾರ ಬೆಳಗಿನ ಜಾವ ನಾನು ಬೆಂಗಳೂರಿಗೆ ಹೊರಟಾಗ ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದರು. ದಾರಿಯಲ್ಲಿ ಅವರೇ ಹೇಳಿದರು:

"ಅರ್ಥಿಂಗ್ ಸರಿ ಇಲ್ದಿದ್ರೆ ಏನಾಯ್ತದೆ ಗೊತ್ತಾ? ಒಂದ್ ಮನೇಲಿ ಕರೆಂಟ್ ಲೀಕ್ ಆದ್ರೆ ಪಕ್ಕದ ಮನೆ ನಲ್ಲೀಲಿ ಶಾಕ್ ಹೊಡೀತದೆ. ಅವರ ಮನೆ ವೈರಿಂಗ್ ಎಲ್ಲ ಸರಿಯಾಗೇ ಇರ್ತದೆ. ಭೂಮಿಗೆ ಬಿಟ್ರೆ ಮುಗೀತು ಅಂದ್ಕೊಂತೀವಿ. ಮುಗಿಯಲ್ಲ."

ನಾನು ಎರಡು ದಿನ ಹೇಳಲು ಒದ್ದಾಡಿದ್ದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು.

ನಾವು ಮಾಡಿದ್ದು, ಆಗದೇ ಉಳಿದದ್ದು

ಮೊದಲ ಕೆಲಸ, ಕುಡಿಯಲು ಅಡುಗೆಗೆ ಬೋರ್‌ವೆಲ್ ನೀರು ನಿಲ್ಲಿಸಿದೆವು. ಬಸ್‌ಸ್ಟ್ಯಾಂಡ್ ಹತ್ತಿರದ ಶುದ್ಧ ನೀರಿನ ಘಟಕದಲ್ಲಿ ಆರ್‌ಒ ಇದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳಬೇಕು. ಆರ್‌ಒ ನೈಟ್ರೇಟನ್ನು ಬಹುಪಾಲು ಕಡಿಮೆ ಮಾಡುತ್ತದೆ. ಆದರೂ ಆ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿದೆ, ಮೆಂಬ್ರೇನ್ ಹಳತಾದರೆ ಅದೂ ಕೈಕೊಡುತ್ತದೆ. ನೈಟ್ರೇಟ್ 9 ಬಂತು, ಇಡೀ ನೈಟ್ರೇಟ್ ಲೆಕ್ಕದಲ್ಲಿ. ಈ ಸಲ ಮೂರು ಬಾರಿ ಓದಿದೆ.

ಗುಂಡಿಯ ಕೆಲಸ ಕಷ್ಟದ್ದು. ಹಳೆಯದನ್ನು ಖಾಲಿ ಮಾಡಿಸಿ ಮುಚ್ಚಿದೆವು. ಬೋರ್‌ವೆಲ್‌ನಿಂದ ದೂರದ ಮೂಲೆಯಲ್ಲಿ ತಳ ಇರುವ ಎರಡು ಕೋಣೆಯ ಟ್ಯಾಂಕ್ ಕಟ್ಟಿಸಿದೆವು. ಅದರಿಂದ ಬರುವ ತಿಳಿ ನೀರನ್ನು ಆಳಕ್ಕೆ ಬಿಡದೆ, ಎರಡು ಅಡಿ ಆಳದ ಜಲ್ಲಿ ಪಾತಿಗೆ ಬಿಟ್ಟು ಮೇಲೆ ಬಾಳೆ, ಕೆಸುವು ಹಾಕಿದೆವು. ಬೇರು ಒಂದಿಷ್ಟು ಹೀರಲಿ ಅಂತ. ಬಚ್ಚಲಿನ ನೀರನ್ನು ಬೇರೆ ಮಾಡಿ ತೆಂಗಿನ ಮರಕ್ಕೆ ಬಿಟ್ಟೆವು. ಟ್ಯಾಂಕಿನ ಗಸಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು ಅಂತ ಅಪ್ಪ ತಾರೀಖು ಬರೆದಿಟ್ಟಿದ್ದಾರೆ.

ಇದರಿಂದ ಎಲ್ಲ ಸರಿಹೋಯಿತಾ? ಇಲ್ಲ. ನಮ್ಮ ಪಾಲು ಕಡಿಮೆಯಾಗಿದೆ ಅಷ್ಟೆ. 59 ಅಡಿ ದೂರ ನಮಗೂ ಸಿಕ್ಕಿಲ್ಲ. ಪಕ್ಕದ ಮನೆಗಳ ಗುಂಡಿಗಳು ಹಾಗೇ ಇವೆ. ಇಪ್ಪತ್ತೆರಡು ವರ್ಷ ಇಳಿದದ್ದು ಬಂಡೆಯ ಬಿರುಕುಗಳಲ್ಲಿದೆ, ಅದು ಒಂದೆರಡು ಮಳೆಗೆ ತೊಳೆದು ಹೋಗುವುದಿಲ್ಲ. ಪೂರ್ತಿ ಪರಿಹಾರ ಬೀದಿಗೇ ಆಗಬೇಕು. ಒಳಚರಂಡಿ ಬರಬೇಕು, ಇಲ್ಲವೇ ತೆಗೆಸಿದ ಗಸಿ ಸರಿಯಾದ ಜಾಗಕ್ಕೆ ಹೋಗಬೇಕು. ದೇವನಹಳ್ಳಿಯಲ್ಲಿ 2015ರಿಂದ ಅಂಥ ಮಲತ್ಯಾಜ್ಯ ಸಂಸ್ಕರಣಾ ಘಟಕವೊಂದಿದೆ. ಲಾರಿಗಳು ಕೆರೆಗೋ ಹೊಲಕ್ಕೋ ಸುರಿಯುವ ಬದಲು ಅಲ್ಲಿಗೆ ತಂದು ಕೊಡುತ್ತವೆ, ಅದು ಗೊಬ್ಬರವಾಗುತ್ತದೆ. ನಮ್ಮೂರಿಗೂ ಅಂಥದ್ದು ಬೇಕು ಅಂತ ಬೀದಿಯವರೆಲ್ಲ ಸಹಿ ಹಾಕಿದ ಅರ್ಜಿ ಕೊಟ್ಟಿದ್ದೇವೆ.

ನಿಮ್ಮ ಊರಿನ ಮನೆಯಲ್ಲೂ ಬೋರ್‌ವೆಲ್, ಗುಂಡಿ ಎರಡೂ ಇದ್ದರೆ ಮುಂದಿನ ಸಲ ಹೋದಾಗ ಟೇಪ್ ಹಿಡಿದು ನೋಡಿ. ನೀರು ಪರೀಕ್ಷೆಗೆ ಕೊಟ್ಟಾಗ ಬ್ಯಾಕ್ಟೀರಿಯಾ, ಫ್ಲೋರೈಡ್ ಜೊತೆಗೆ ನೈಟ್ರೇಟ್ ಕೇಳಿ. ರಿಪೋರ್ಟ್ ಬಂದಾಗ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ. ಮನೆಗೆ ಎಳೆ ಮಗು ಬರುವುದಿದ್ದರೆ ಅದಕ್ಕೆ ಮೊದಲೇ ಮಾಡಿಸಿ. ಗುಂಡಿ ತುಂಬುವುದೇ ಇಲ್ಲ ಅಂತ ಯಾರಾದರೂ ಹೆಮ್ಮೆಪಟ್ಟರೆ, ನೀರು ಎಲ್ಲಿಗೆ ಹೋಗುತ್ತಿದೆ ಅಂತ ಒಮ್ಮೆ ಕೇಳಿ.

ಅಂದ ಹಾಗೆ, ಕಾಂಪೌಂಡಿನ ನಲ್ಲಿ ಈಗಲೂ ಇದೆ. ಅಪ್ಪ ಬೆಳಗ್ಗೆ ಸಂಜೆ ಮೋಟರ್ ಹಾಕುತ್ತಾರೆ. ನಾನು ಬೆಂಗಳೂರಿಗೆ ಹೋದ ವಾರವೇ ಅವರು ಮನೆ ಮನೆಗೆ ಹೋಗಿ ಹೇಳಿ ಬಂದಿದ್ದರಂತೆ, ನನಗೆ ಗೊತ್ತಾದದ್ದು ಆಮೇಲೆ. ಬಸುರಿ ಹೆಂಗಸರಿದ್ದ ಎರಡು ಮನೆಗೆ ಮೊದಲು. ಎದುರುಮನೆ ಅಜ್ಜಿ, "ಹೋಗಪ್ಪ, ಇಷ್ಟು ವರ್ಷ ಕುಡಿದು ಗುಂಡುಕಲ್ಲಿನಂಗಿದ್ದೀನಿ" ಅಂತ ನಕ್ಕರಂತೆ. ಆದರೂ ಮೊಮ್ಮಗಳಿಗೆ ಕ್ಯಾನ್ ನೀರೇ ತರಿಸುತ್ತಿದ್ದಾರೆ.

ನಲ್ಲಿಯ ಮೇಲೆ ಒಂದು ತಗಡಿನ ಬೋರ್ಡು ಬಂದಿದೆ. ಟ್ರಾನ್ಸ್‌ಫಾರ್ಮರ್‌ಗೆ ಹಾಕುತ್ತಾರಲ್ಲ, ಹಾಗೆ ಹಳದಿ ಬಣ್ಣದ್ದು. ಕೆಂಪು ಪೇಂಟಿನಲ್ಲಿ ಅಪ್ಪನದೇ ಅಕ್ಷರ: "ಬಟ್ಟೆ, ಪಾತ್ರೆಗೆ ಮಾತ್ರ. ಕುಡಿಯಬೇಡಿ. ಮಕ್ಕಳಿಗೆ ಕೊಡಲೇಬೇಡಿ."